ಮಳೆಬಿಸಿಲಿನ ಕೆಲಸಕ್ಕೆ ಮರವೋ, ಮರುಬಳಕೆಯ ಪ್ಲಾಸ್ಟಿಕ್ಕೋ?

ವೈಶಾಖ ಮುಗಿಯುತ್ತ ಬಂದು, ಮುಂಗಾರಿನ ಮೋಡಗಳು ಇನ್ನೂ ಕಡಲ ಮೇಲೆಯೇ ಇರುವ ದಿನಗಳಲ್ಲಿ, ಮಲೆನಾಡಿನ ಮತ್ತು ಕರಾವಳಿಯ ತೋಟದ ಮನೆಗಳಲ್ಲಿ ವರ್ಷಂಪ್ರತಿ ಒಂದು ಪರೀಕ್ಷೆ ನಡೆಯುವುದುಂಟು. ಮನೆಯ ಯಜಮಾನನು ಕೈಯಲ್ಲೊಂದು ಕತ್ತಿಯನ್ನು ಹಿಡಿದು, ಅಂಗಳದ ಚಪ್ಪರದ ಕಂಬ, ದಣಪೆಯ ಗೂಟ, ಹಳ್ಳದಾಚೆಯ ಗದ್ದೆಗೆ ದಾಟಲು ಹಾಕಿದ ಕಾಲುಸಂಕ ಇವುಗಳ ಬುಡವನ್ನು ಕತ್ತಿಯ ಬೆನ್ನಿನಿಂದ ತಟ್ಟುತ್ತ ಹೋಗುವನು. ಠಣ್ಣೆಂದು ಮರುದನಿ ಬಂದರೆ ಇನ್ನೊಂದು ಮಳೆಗಾಲಕ್ಕೆ ಭಯವಿಲ್ಲ. ಬೊದ್ದೆಂದರೆ ಒಳಗೆ ಒರಲೆಯೋ ಕೊಳೆಯೋ ಬಿಡಾರ ಹೂಡಿ ಬಹುಕಾಲವಾಗಿದೆಯೆಂದೇ ಅರ್ಥ. ಆಮೇಲೆ ಅಡಿಕೆಮರ ಕಡಿಯುವುದು, ದಬ್ಬೆ ಸೀಳುವುದು, ಗೂಟ ಬದಲಿಸುವುದು, ಇವೆಲ್ಲವನ್ನೂ ಮಳೆ ಹಿಡಿಯುವ ಮೊದಲೇ ಮುಗಿಸಬೇಕೆಂಬ ಅವಸರ.

ಇದೇ ಯಜಮಾನನು ಈಗ ಪೇಟೆಗೆ ಇಳಿದರೆ, ಸಾಮಿಲ್ಲಿನ ಅಂಗಳದಲ್ಲಿ ನಾಟಾ ರಾಶಿ ಎಂದಿನಂತೆ ಬಿದ್ದಿರುವುದರ ಜೊತೆಗೆ, ಬೇರೊಂದು ಅಂಗಡಿಯಲ್ಲಿ ಕಪ್ಪು ಇಲ್ಲವೆ ಕಂದು ಬಣ್ಣದ, ಮೈಮೇಲೆ ನಾರುಗೆರೆಗಳನ್ನು ಅಚ್ಚೊತ್ತಿಸಿಕೊಂಡು ಮರದ ಸೋಗು ಹಾಕಿದ ಹಲಗೆಗಳನ್ನೂ ಕಾಣಬಹುದು. ಇವು ಬಿಸುಟ ಪ್ಲಾಸ್ಟಿಕ್ಕನ್ನು ಕರಗಿಸಿ ಎರಕಹೊಯ್ದವು. ಕೊಳೆಯುವುದಿಲ್ಲ, ಒರಲೆ ಮುಟ್ಟುವುದಿಲ್ಲ, ವರ್ಷವರ್ಷವೂ ಎಣ್ಣೆ ಬಣ್ಣಗಳ ಉಪಚಾರ ಬೇಕಿಲ್ಲ, ಮೇಲಾಗಿ ಊರಿನ ಕಸ ಕಡಮೆಯಾಗುವ ಪುಣ್ಯವೂ ಉಂಟು ಎಂಬುದು ಮಾರುವವನ ಮಾತು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವನು ಹೇಳದೆ ಬಿಟ್ಟ ಸಂಗತಿಗಳು ಕೆಲವಿವೆ. ಮರ ಮಾರುವವನೂ ತನ್ನ ಕಡೆಯ ಕೆಲವು ಸಂಗತಿಗಳನ್ನು ಹೇಳುವವನಲ್ಲ. ಎರಡನ್ನೂ ಬಲ್ಲವನಿಗೆ ಆಯ್ಕೆ ಅಷ್ಟೇನೂ ಕಷ್ಟವಲ್ಲವೆಂದು ನನ್ನ ಭಾವನೆ.

ಮರ ಕೊಳೆಯುವುದೆಲ್ಲಿ

ಮರವು ಮುದಿಯಾಗಿ ಕೊಳೆಯುವುದೆಂಬ ಸಾಮಾನ್ಯ ಭಾವನೆಯು ಸರಿಯಲ್ಲ. ಅದನ್ನು ತಿನ್ನುವವು ಶಿಲೀಂಧ್ರಗಳು. ಆ ಶಿಲೀಂಧ್ರಗಳಿಗೆ ಆಹಾರದೊಡನೆ ತೇವವೂ ಗಾಳಿಯೂ ಏಕಕಾಲದಲ್ಲಿ ಬೇಕು. ಮರದ ಒಣತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಕಡಮೆ ನೀರಿದ್ದರೆ ಅವು ಬೆಳೆಯಲಾರವು. ಮರವು ಸಂಪೂರ್ಣವಾಗಿ ಸಿಹಿನೀರಿನಲ್ಲಿ ಮುಳುಗಿದ್ದರೆ ಗಾಳಿಯ ಅಭಾವದಿಂದ ಆಗಲೂ ಬೆಳೆಯಲಾರವು. ಆದುದರಿಂದಲೇ ಬೇಲಿಯ ಗೂಟವೊಂದನ್ನು ಕಿತ್ತು ನೋಡಿದರೆ ಮೇಲ್ಭಾಗವು ಗಟ್ಟಿಯಾಗಿಯೂ, ಆಳದ ತುದಿಯು ಒಂದಿಷ್ಟು ಗಟ್ಟಿಯಾಗಿಯೂ ಇದ್ದು, ಮಣ್ಣಿನ ಮಟ್ಟದಲ್ಲಿ ಮಾತ್ರ, ತೇವವೂ ಗಾಳಿಯೂ ಕೂಡುವ ಆ ಒಂದು ಗೇಣಿನಲ್ಲಿ, ಸೊಂಟ ಸವೆದಿರುವುದು.

ಈ ಲೆಕ್ಕವನ್ನು ಹಿಡಿದು ನೋಡಿದರೆ ನಮ್ಮ ನಾಡಿನಲ್ಲಿ ಊರಿಂದೂರಿಗೆ ಮರದ ಆಯುಷ್ಯವೇ ಬೇರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿ, ಆಷಾಢ ಶ್ರಾವಣಗಳ ಗಾಳಿಯೇ ನೀರಿನಿಂದ ತುಂಬಿರುವಾಗ, ಮಾಡಿನ ಕೆಳಗಿನ ಮರವೂ ಅಪಾಯದ ಅಂಚಿಗೆ ಬಂದು ನಿಲ್ಲುವುದು. ಚಳ್ಳಕೆರೆಯಲ್ಲಾಗಲಿ ಕಲಬುರಗಿಯಲ್ಲಾಗಲಿ ಬಯಲಲ್ಲಿ ನಿಂತ ಮರವು ವರ್ಷದ ಬಹುಭಾಗ ಒಣಗಿಯೇ ಇರುವುದರಿಂದ ಅಲ್ಲಿ ಕೊಳೆಯ ಭಯ ಅಲ್ಪ. ಒರಲೆಯದೂ ಬಿಸಿಲಿನ ಬಿರುಕಿನದೂ ಹೆಚ್ಚು. ಇನ್ನು ಅಳಿವೆಯ ಉಪ್ಪುನೀರಿನಲ್ಲಿ ಮೂರನೆಯದೊಂದು ಶತ್ರುವುಂಟು. ಹಡಗುಹುಳುವೆಂದು ಹೆಸರಾದರೂ ಅದು ಹುಳುವಲ್ಲ, ಚಿಪ್ಪಿನ ಜಾತಿಗೆ ಸೇರಿದ ಪ್ರಾಣಿ. ಮರದೊಳಗೆ ಸುರಂಗ ಕೊರೆದು, ಹೊರಗಿನಿಂದ ಒಂದು ಗುರುತೂ ಕಾಣದಂತೆ ಕಂಬವನ್ನು ಟೊಳ್ಳುಮಾಡಬಲ್ಲುದು.

ಚೇಗಿನ ಬೆಲೆ

ಒಂದೇ ಮರದ ಒಳಗೂ ಎರಡು ಮರಗಳಿವೆ. ತೊಗಟೆಯ ಕೆಳಗಿನ ಬಿಳಿಯ ಭಾಗವು ಮರ ಬದುಕಿದ್ದಾಗ ನೀರನ್ನು ಸಾಗಿಸುತ್ತಿದ್ದುದು. ಅದರಲ್ಲಿ ಪಿಷ್ಟ ಸಕ್ಕರೆಗಳು ಇರುವುದರಿಂದ ಹುಳುಗಳಿಗೆ ಅದು ಮೃಷ್ಟಾನ್ನ. ಒಳಗಿನ ಕಪ್ಪುಬಣ್ಣದ ಚೇಗಿನಲ್ಲಾದರೋ ಮರವು ತನ್ನ ರಕ್ಷಣೆಗೆಂದು ತುಂಬಿಕೊಂಡ ಕಹಿಯಾದ, ವಿಷಪ್ರಾಯವಾದ ದ್ರವ್ಯಗಳಿವೆ. ತೇಗವೂ ಹೊನ್ನೆಯೂ ಜಂಬೆಯೂ ಬಾಳುವ ಮರಗಳೆಂದು ಹೆಸರು ಪಡೆದಿರುವುದು ಈ ಚೇಗಿನ ಬಲದಿಂದಲೇ ಹೊರತು, ಅವುಗಳ ಬಿಳಿಯ ಭಾಗಕ್ಕೆ ಮಾವಿಗಿಂತ ಹೆಚ್ಚಿನ ಯೋಗ್ಯತೆಯೇನೂ ಇಲ್ಲ.

ಭಾರತೀಯ ಮಾನಕ ಸಂಸ್ಥೆಯ ನಿಯಮಾವಳಿಯಲ್ಲಿ ಮರಗಳನ್ನು ಈ ದೃಷ್ಟಿಯಿಂದ ಮೂರು ವರ್ಗವಾಗಿ ವಿಂಗಡಿಸಿದೆ. ವಿಧಾನವು ಸರಳ: ಚೇಗಿನ ಸಣ್ಣ ತುಂಡುಗಳನ್ನು ಒರಲೆಯಿರುವ ನೆಲದಲ್ಲಿ ಅರ್ಧ ಹೂತು, ಅವು ಎಷ್ಟು ಕಾಲ ನಿಲ್ಲುವುವೆಂದು ನೋಡುವುದು. ಸರಾಸರಿ 120 ತಿಂಗಳು ಇಲ್ಲವೆ ಅದಕ್ಕೂ ಮೀರಿ ನಿಂತವು ಮೊದಲ ವರ್ಗ; 60 ರಿಂದ 120 ತಿಂಗಳ ನಡುವಿನವು ಎರಡನೆಯದು; 60 ತಿಂಗಳೂ ತಾಳದವು ಮೂರನೆಯದು. ತೇಗ ಮೊದಲ ವರ್ಗದಲ್ಲಿಯೂ, ಮಾವು ಬೂರುಗಗಳು ಕೊನೆಯದರಲ್ಲಿಯೂ ಇವೆ. ಹತ್ತು ವರ್ಷವೆಂದರೆ ಇಷ್ಟೇನೇ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಅದು ಐದು ಸೆಂಟಿಮೀಟರ್ ದಪ್ಪದ ತುಂಡು ಶತ್ರುವಿನ ಮನೆಯೊಳಗೇ ನಿಂತು ಎದುರಿಸಿದ ಕಾಲವೆಂಬುದನ್ನು ಮರೆಯಬಾರದು. ನೆಲದಿಂದ ಮೇಲೆತ್ತಿ ಕಾಪಾಡಿದ ತೇಗಕ್ಕೆ ಶತಮಾನವೂ ದೊಡ್ಡದಲ್ಲ. ಮಲಬಾರಿನ ತೇಗದಿಂದ ಮುಂಬಯಿಯ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟ್‌ಲಿಪೂಲಿನಲ್ಲಿ ಇಂದಿಗೂ ತೇಲುತ್ತಿರುವುದು.

ತೊಡಕಿರುವುದು ಇಂದಿನ ಪೇಟೆಯ ನಾಟಾದಲ್ಲಿ. ಎಳೆಯ ವಯಸ್ಸಿನಲ್ಲಿಯೇ ಕಡಿದ ನೆಡುತೋಪಿನ ತೇಗದಲ್ಲಿ ಚೇಗು ಕಡಮೆ, ಬಿಳಿಯ ಭಾಗ ಹೆಚ್ಚು. ಹೆಸರು ಮಾತ್ರ ತೇಗವೇ. ತನ್ನ ತೋಟದಲ್ಲಿ ಬೆಳೆದ ಒಳ್ಳೆಯ ಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ರಬ್ಬರು ಮುಂತಾದ ಕೆಲವಕ್ಕೆ ವಿನಾಯಿತಿ ಉಂಟಾದರೂ, ವಿಧಿಯ ವಿನೋದವೋ ಎಂಬಂತೆ, ಹೊರಾಂಗಣದ ಕೆಲಸಕ್ಕೆ ಹೆಚ್ಚು ಕಾಲ ಬಾಳದ ಮರಗಳೂ ಬಹುಮಟ್ಟಿಗೆ ಇವೇ. ಸುಲಭವಾಗಿ ಸಿಗುವ ಮರವು ಬಾಳದು, ಬಾಳುವ ಮರವು ಸುಲಭವಾಗಿ ಸಿಗದು ಎಂಬ ಈ ಬಿಕ್ಕಟ್ಟಿನಿಂದಲೇ ಪ್ಲಾಸ್ಟಿಕ್ ಹಲಗೆಗೆ ಅಂಗಡಿಯಲ್ಲಿ ಸ್ಥಾನ ದೊರೆತಿದೆ.

ದೆಹರಾಡೂನಿನ ಔಷಧ

ಬಾಳದ ಮರವನ್ನು ಬಾಳುವಂತೆ ಮಾಡುವ ಉಪಾಯವೊಂದನ್ನು ಜಗತ್ತಿಗೆ ಕೊಟ್ಟವರು ಭಾರತೀಯರೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1933ರಲ್ಲಿ ದೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಈ ಮೂರರ ಲವಣಗಳನ್ನು ಕೂಡಿಸಿ ಮರಕ್ಕೆ ಊಡಿಸುವ ದ್ರಾವಣವೊಂದನ್ನು ಕಂಡುಹಿಡಿದರು. ತಾಮ್ರವು ಶಿಲೀಂಧ್ರವನ್ನೂ, ಆರ್ಸೆನಿಕ್ಕು ಒರಲೆಯನ್ನೂ ತಡೆದರೆ, ಇವೆರಡೂ ಮಳೆನೀರಿನಲ್ಲಿ ತೊಳೆದುಹೋಗದಂತೆ ಮರದ ನಾರಿಗೆ ಕಚ್ಚಿಸುವ ಕಾರ್ಯವು ಕ್ರೋಮಿಯಮ್ಮಿನದು. ಗಾಳಿಯನ್ನು ಹೊರಗೆಳೆದು ಒತ್ತಡದಿಂದ ದ್ರಾವಣವನ್ನು ಒಳನುಗ್ಗಿಸಿದ ಮರವು ಹಸುರು ಛಾಯೆಗೆ ತಿರುಗಿ, ಅಗ್ಗದ ಪೈನ್ ಕೂಡ ದಶಕಗಟ್ಟಲೆ ನಿಲ್ಲುವಂತಾಯಿತು. ತಂತಿಯ ಕಂಬಗಳಿಗೂ ಬೇಲಿಗಳಿಗೂ ಆಟದ ಅಂಗಳಗಳಿಗೂ ಪ್ರಪಂಚದಾದ್ಯಂತ ಅದೇ ಮರವಾಯಿತು.

ಆರ್ಸೆನಿಕ್ಕು ವಿಷವೇ. ಮಕ್ಕಳು ಮುಟ್ಟುವ ಕಡೆ ಅದೇಕೆಂಬ ಪ್ರಶ್ನೆಯೆದ್ದು, ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಬಹುತೇಕ ಕೆಲಸಗಳಿಂದ ಈ ಮರವನ್ನು ಹಿಂದೆಗೆದುಕೊಂಡರು. ಅದರ ಸ್ಥಾನಕ್ಕೆ ಆರ್ಸೆನಿಕ್ಕಿಲ್ಲದ ತಾಮ್ರದ ದ್ರಾವಣಗಳು ಬಂದಿವೆ. ಬೋರಾಕ್ಸಿನ ಜಾತಿಯ ಔಷಧಗಳು ಹುಳುವಿಗೆ ಒಳ್ಳೆಯವಾದರೂ ಮಳೆಗೆ ತೊಳೆದುಹೋಗುವುದರಿಂದ ಮಾಡಿನ ಕೆಳಗಿನ ಮರಕ್ಕೆ ಮಾತ್ರ ಯುಕ್ತ. ಹಳೆಯ ಸಂಸ್ಕರಿತ ಮರದ ಚೂರುಗಳನ್ನು ಬಚ್ಚಲ ಒಲೆಗೆ ಹಾಕುವುದಂತೂ ಎಂದಿಗೂ ಕೂಡದು. ಬೂದಿಯಲ್ಲಿ ವಿಷವು ಉಳಿಯುವುದು.

ಗುಜರಿಯಿಂದ ಹಲಗೆಯವರೆಗೆ

ಈಗ ಎದುರುಪಕ್ಷವನ್ನು ನೋಡೋಣ. ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ಶಾಂಪೂ ಡಬ್ಬಿ, ಎಣ್ಣೆಯ ಕ್ಯಾನು, ನೀರಿನ ಡ್ರಮ್ಮು ಇವು ಗಟ್ಟಿ ಪಾಲಿಥೀನ್, ಹಾಲಿನ ಕವರ್ ಮೆತುವಾದ ಪಾಲಿಥೀನ್, ನೀರಿನ ಬಾಟಲಿ ಪೆಟ್, ಕೊಳವೆ ಪಿವಿಸಿ. ಗಟ್ಟಿ ಪಾಲಿಥೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ, ಪೆಟ್ ಕರಗಲು 250 ಡಿಗ್ರಿ ಬೇಕು; ಆ ಶಾಖಕ್ಕೆ ಪಿವಿಸಿ ಆಮ್ಲದ ಹೊಗೆಯುಗುಳುತ್ತ ಒಡೆದುಹೋಗುವುದು. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದರೆ ಕರಗದ ತುಣುಕುಗಳು ಹರಳುಗಳಾಗಿ ಉಳಿದು, ಹಲಗೆಯು ಆ ಹರಳಿನ ಅಂಚಿನಲ್ಲಿಯೇ ಮುರಿಯುವುದು.

ಆದುದರಿಂದ ಹಲಗೆಯ ಗುಣವು ಯಂತ್ರಕ್ಕಿಂತ ಮೊದಲು ಕಸ ಬೇರ್ಪಡಿಸುವ ಕೈಗಳಲ್ಲಿ ನಿರ್ಣಯವಾಗುವುದು. ಬೆಂಗಳೂರಿನಲ್ಲಿ ‘ಹಸಿರು ದಳ’ದಂಥ ಸಂಘಟನೆಗಳೊಡನಿರುವ ಚಿಂದಿ ಆಯುವವರೂ, ಊರೂರಿನ ಗುಜರಿ ಅಂಗಡಿಯವರೂ, ಯಾವ ಪ್ರಯೋಗಶಾಲೆಯ ಹಂಗೂ ಇಲ್ಲದೆ, ತುಣುಕನ್ನು ಬಾಗಿಸಿ ಸದ್ದು ಕೇಳಿ ಅದರ ಜಾತಿ ಹೇಳಬಲ್ಲರು. ಅಮೆರಿಕದಲ್ಲಿ ಹಾಲು ಗಟ್ಟಿ ಪಾಲಿಥೀನಿನ ಕ್ಯಾನುಗಳಲ್ಲಿ ಮಾರಾಟವಾಗುವುದರಿಂದ ಒಂದೇ ಜಾತಿಯ ಶುದ್ಧ ಕಸವು ಅಲ್ಲಿನ ಹಲಗೆಯ ಕಾರ್ಖಾನೆಗಳಿಗೆ ರಾಶಿಯಾಗಿ ದೊರೆಯಿತು. ನಮ್ಮ ಹಾಲು ತೆಳುಕವರಿನಲ್ಲಿ ಬರುವುದು. ಚಿಪ್ಸಿನ ಪೊಟ್ಟಣವಾದರೋ ಹಲವು ಪದರಗಳ ಬೆಸುಗೆ, ಬೇರ್ಪಡಿಸಲು ಬಾರದ್ದು. ಅಲ್ಲಿನ ಹಲಗೆಯ ಕೀರ್ತಿಯನ್ನು ಇಲ್ಲಿನ ಪ್ರತಿಯೊಂದು ಹಲಗೆಗೂ ಹಚ್ಚುವುದು ಈ ಕಾರಣದಿಂದ ಸಲ್ಲದು.

ಒಳ್ಳೆಯ ಹಲಗೆಯ ಸಾಮರ್ಥ್ಯಕ್ಕೆ ಉದಾಹರಣೆಗಳಿಲ್ಲದೆ ಇಲ್ಲ. ಉತ್ತರ ಕೆರೊಲಿನಾದ ಫೋರ್ಟ್ ಬ್ರ್ಯಾಗ್ ಸೈನಿಕನೆಲೆಯಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಕಟ್ಟಿದ ಸೇತುವೆಯ ಮೇಲೆ 2009ರಲ್ಲಿ ಸುಮಾರು 70 ಟನ್ ತೂಕದ ಯುದ್ಧಟ್ಯಾಂಕು ದಾಟಿತು. ಸ್ಕಾಟ್ಲೆಂಡಿನ ಪೀಬಲ್ಸ್ ಬಳಿ ಟ್ವೀಡ್ ನದಿಗೆ 2011ರಲ್ಲಿ ಸುಮಾರು 50 ಟನ್ ಪ್ಲಾಸ್ಟಿಕ್ ಕಸದಿಂದ 30 ಮೀಟರ್ ಉದ್ದದ ಸೇತುವೆಯಾಯಿತು. ಇವೆಲ್ಲ ಗಾಜಿನ ನಾರು ಮೊದಲಾದುವನ್ನು ಬೆರೆಸಿ ಬಿಗಿಗೊಳಿಸಿ, ಎಂಜಿನಿಯರರು ಲೆಕ್ಕಹಾಕಿ ಎರೆದ ತೊಲೆಗಳು. ಪೇಟೆಯ ಬೆಂಚಿನ ಹಲಗೆಯನ್ನು ಇವುಗಳ ಹೆಸರು ಹೇಳಿ ಮಾರಿದರೆ ನಗಬೇಕಷ್ಟೆ.

ಬಾಗುವುದೂ ಹಿಗ್ಗುವುದೂ

ಪ್ಲಾಸ್ಟಿಕ್ ಹಲಗೆಯ ಮೊದಲ ದೌರ್ಬಲ್ಯವು ಅದರ ಬಾಗುವ ಸ್ವಭಾವ. ನಾರು ಬೆರೆಸದ ಪಾಲಿಥೀನಿಗಿಂತ ತೇಗವು ಹೆಚ್ಚುಕಡಮೆ ಹತ್ತುಪಟ್ಟು ಬಿಗುವುಳ್ಳದ್ದು; ಅರ್ಥಾತ್ ಅದೇ ಅಳತೆಯ ಹಲಗೆಗಳ ಮೇಲೆ ಅದೇ ಮನುಷ್ಯ ನಿಂತರೆ, ಮರವು ಒಂದು ಮಿಲಿಮೀಟರ್ ತಗ್ಗುವಲ್ಲಿ ಪ್ಲಾಸ್ಟಿಕ್ಕು ಹತ್ತು ತಗ್ಗುವುದು. ಬಿಗುವು ದಪ್ಪದ ಘನದಂತೆ ಹೆಚ್ಚುವುದರಿಂದ, ದಪ್ಪವನ್ನು ಎರಡುಪಟ್ಟಿಗಿಂತ ಸ್ವಲ್ಪ ಮಿಗಿಲು ಮಾಡಿದರೆ ಸರಿಹೋಗುವುದು ನಿಜ. ಆದರೆ ಪಾಲಿಥೀನು ಒಣತೇಗಕ್ಕಿಂತ ತೂಕವಾದುದಾದ್ದರಿಂದ, ಆಗ ಹಲಗೆಯ ಭಾರವು ಮೂರುಪಟ್ಟಾಗುವುದು. ಬಡಗಿಗಳು ಹಾಗೆ ಮಾಡದೆ ಅಡಿಯ ಜಂತಿಗಳನ್ನು ಹತ್ತಿರ ಹತ್ತಿರ ಇಡುವರು. ಹಾಗಿಟ್ಟರೂ ಇನ್ನೊಂದು ಸಂಗತಿಯುಂಟು: ಹೊರೆಯನ್ನು ಹೊತ್ತೇ ಇರಬೇಕಾದ ಕಡೆ ಪ್ಲಾಸ್ಟಿಕ್ಕು ವರ್ಷಗಳಲ್ಲಿ ಮೆಲ್ಲನೆ ಜೋಲುತ್ತ ಬರುವುದು, ಬಿಸಿಲಿನಲ್ಲಿ ಇನ್ನೂ ಬೇಗ. ಪುಸ್ತಕದ ಭಾರಕ್ಕೆ ನಡು ಇಳಿದ ಅಲಮಾರಿನ ತಟ್ಟು ಹೇಗೋ ಹಾಗೆ, ಹೂಕುಂಡಗಳ ಸಾಲನ್ನು ಹೊತ್ತ ಹಲಗೆಯೂ ಒಂದೆರಡು ಬೇಸಗೆಗಳಲ್ಲಿ ಹೊಟ್ಟೆಬಿಡುವುದು.

ಎರಡನೆಯದು ಶಾಖಕ್ಕೆ ಹಿಗ್ಗುವುದು. ಮರವು ಉದ್ದಕ್ಕೆ ಶಾಖದಿಂದ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಪ್ಲಾಸ್ಟಿಕ್ಕಾದರೋ, ಕಲಬುರಗಿಯ ಪುಷ್ಯಮಾಸದ ಬೆಳಗಿನಿಂದ ಚೈತ್ರದ ನಡುಹಗಲಿಗೆ ಹಲಗೆಯ ಮೈಬಿಸಿಯು ನಲವತ್ತೈದು ಡಿಗ್ರಿ ಏರಿತೆಂದಿಟ್ಟುಕೊಂಡರೆ, ಮೂರು ಮೀಟರ್ ಉದ್ದದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಬೆಳೆಯಬಹುದು. ಎರಡು ತುದಿಯನ್ನೂ ಬಿಗಿದಿದ್ದರೆ ಅದು ನಡುವೆ ಡೊಂಕಾಗಿಯೋ ತಿರುಪನ್ನು ಕಿತ್ತೋ ತನ್ನ ಬೆಳವಣಿಗೆಗೆ ಜಾಗ ಮಾಡಿಕೊಳ್ಳುವುದು. ತಿರುಪಿನ ತೂತನ್ನು ಉದ್ದವಾಗಿ ಕೊರೆಯುವುದೂ, ಹಲಗೆಯ ತುದಿಗಳ ನಡುವೆ ಸಂದು ಬಿಡುವುದೂ ಇದಕ್ಕೆ ಪರಿಹಾರ. ಮರಕ್ಕೂ ಚಲನೆಯುಂಟು, ಅದು ಅಡ್ಡಲಾಗಿ, ಮತ್ತು ಶಾಖಕ್ಕಲ್ಲ, ತೇವಕ್ಕೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಸಿಲು, ಬೆಂಕಿ, ಪುಡಿ

ಸೂರ್ಯನ ನೇರಳಾತೀತ ಕಿರಣಗಳು ಎರಡನ್ನೂ ಸುಡುವುವು. ಮರದ ಮೈ ಬೂದುಬಣ್ಣಕ್ಕೆ ತಿರುಗಿದರೂ ಒಳಗಿನ ಬಲಕ್ಕೆ ಅದರಿಂದ ಹಾನಿಯಿಲ್ಲ. ಪಾಲಿಥೀನಿನ ಮೈಯಾದರೋ ಪೆಡಸಾಗಿ ಬಿರುಕುಬಿಟ್ಟು, ಸೂಕ್ಷ್ಮವಾದ ಪುಡಿಯಾಗಿ ಮಣ್ಣಿಗೂ ನೀರಿಗೂ ಉದುರುವುದು. ಇದನ್ನು ತಡೆಯಲು ಬೆರೆಸುವ ಪದಾರ್ಥಗಳಲ್ಲಿ ಮಸಿಯೇ ಉತ್ತಮವಾದುದು. ಹಾಗೆಂದೇ ಕಪ್ಪು ಹಲಗೆಯು ಹೆಚ್ಚು ಕಾಲ ಬಾಳುವುದು, ಹಾಗೆಂದೇ ಬಿಸಿಲಿನಲ್ಲಿ ಬರಿಗಾಲಿಡಲಾರದಷ್ಟು ಕಾಯುವುದೂ ಕಪ್ಪು ಹಲಗೆಯೇ.

ಬೆಂಕಿಯ ವಿಷಯದಲ್ಲಿ ನಾನು ಮರದ ಪಕ್ಷಪಾತಿ. ದಪ್ಪ ತೊಲೆಯು ಹೊರಗೆ ಇದ್ದಿಲಾಗುತ್ತ, ಆ ಇದ್ದಿಲೇ ಒಳಗಿನ ಮರಕ್ಕೆ ಕವಚವಾಗಿ, ಕೆಲಹೊತ್ತು ಭಾರವನ್ನು ಹೊತ್ತೇ ನಿಲ್ಲುವುದು. ಪಾಲಿಥೀನು ಮೊದಲು ಮೆತ್ತಗಾಗಿ ಬೀಳುವುದು, ಆಮೇಲೆ ಉರಿಯುತ್ತ ತೊಟ್ಟಿಕ್ಕುವುದು. ಬೇಸಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುವ ಸೀಮೆಯವರೂ, ಬಚ್ಚಲೊಲೆಯ ಪಕ್ಕದಲ್ಲಿ ಮಾಡು ಇಳಿಸುವವರೂ ಇದನ್ನು ನೆನೆಯಬೇಕು.

ಪರಿಸರದ ವಾದವು ಎರಡು ಕಡೆಗೂ ಉಂಟು. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವೇ. ಒಂದು ಘನಮೀಟರ್ ತೇಗವು ಗಾಳಿಯಿಂದ ಹೀರಿದ ಒಂದು ಟನ್ನಿಗೂ ಹೆಚ್ಚಿನ ಇಂಗಾಲಾಮ್ಲವನ್ನು, ತಾನು ಬಾಳುವಷ್ಟು ಕಾಲವೂ ಹಿಡಿದಿಟ್ಟಿರುವುದು. ಪ್ಲಾಸ್ಟಿಕ್ ಹಲಗೆಯು ಚರಂಡಿಗೋ ಸುಡುವ ರಾಶಿಗೋ ಹೋಗಬೇಕಾದುದನ್ನು ತಡೆಯುವುದು. ಆದರೆ ಹತ್ತು ವರ್ಷಕ್ಕೇ ಡೊಂಕಾಗಿ ಕಿತ್ತೆಸೆಯಬೇಕಾದ ಹಲಗೆಯಿಂದ ಕಸವು ಕಡಮೆಯಾಗಲಿಲ್ಲ, ಮುಂದೂಡಲ್ಪಟ್ಟಿತಷ್ಟೆ.

ಯಾವುದು ಎಲ್ಲಿಗೆ

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯವು ಇದು: ಇಡೀ ಕಟ್ಟಡಕ್ಕೆ ಯಾವುದೆಂದು ಕೇಳುವ ಬದಲು, ಅದರ ಯಾವ ಅಂಗಕ್ಕೆ ಯಾವುದೆಂದು ಕೇಳಬೇಕು. ಮಣ್ಣನ್ನೂ ನಿಂತ ನೀರನ್ನೂ ಮುಟ್ಟುವ, ಹೆಚ್ಚು ಭಾರ ಹೊರದ ಅಂಗಗಳಿಗೆ ಪ್ಲಾಸ್ಟಿಕ್ಕು. ಅಂಕಣಗಳನ್ನು ದಾಟಿ ಭಾರ ಹೊರುವ, ಗಾಳಿಗೆ ಒಡ್ಡಿಕೊಂಡು ಒಣಗಬಲ್ಲ ಅಂಗಗಳಿಗೆ ಮರ. ಹೂಪಾತಿಯ ಅಂಚು, ಬೇಲಿಯ ಗೂಟ, ಹಟ್ಟಿಯ ಬಚ್ಚಲ ದಾರಿಯ ಹಲಗೆ, ಕೆರೆದಡದ ಮೆಟ್ಟಿಲು, ಉಪ್ಪುನೀರಿನಲ್ಲಿ ನಿಲ್ಲುವ ದೋಣಿಗಟ್ಟೆಯ ತಡೆಗಂಬ ಇವು ಮೊದಲನೆಯ ಪಂಕ್ತಿಗೆ ಸೇರಿದವು. ಚಪ್ಪರದ ತೊಲೆ, ಜಗಲಿಯ ಜಂತಿ, ಉದ್ದನೆಯ ಕಾಲುಸಂಕದ ಬೆನ್ನೆಲುಬು ಎರಡನೆಯದಕ್ಕೆ.

ಹಳೆಯ ಮನೆಗಳನ್ನು ಕಟ್ಟಿದವರು ಈ ವಿವೇಕವನ್ನು ಪ್ಲಾಸ್ಟಿಕ್ಕಿಲ್ಲದೆಯೇ ಸಾಧಿಸಿದ್ದರು. ಮರದ ಕಂಬವನ್ನು ಅವರು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ಮಾಡಿನ ಅಂಚನ್ನು ಮಳೆಯ ಇರಚಲು ತಾಗದಷ್ಟು ಮುಂದಕ್ಕೆ ಚಾಚುತ್ತಿದ್ದರು. ಕಾಲು ಒಣಗಿರಬೇಕು, ತಲೆಗೆ ಕೊಡೆಯಿರಬೇಕು. ಇವೆರಡಿದ್ದರೆ ಸಾಧಾರಣ ಹಲಸೂ ಮೂರು ತಲೆಮಾರು ಬಾಳುವುದು. ಅಡಿಕೆಮರದ ಕಾಲುಸಂಕವು ಬಾಳುವುದಿಲ್ಲವೆಂಬುದನ್ನು ಬಲ್ಲವರಾಗಿಯೇ ಅವರು ಅದನ್ನು ಹಾಕುತ್ತಿದ್ದರು, ಏಕೆಂದರೆ ಬದಲಿಸಲು ಮರವೂ ಆಳೂ ತೋಟದಲ್ಲೇ ಇದ್ದವು. ಇಂದು ಆಳಿಲ್ಲ, ಅದೇ ನಿಜವಾದ ಬದಲಾವಣೆ. ವರ್ಷವರ್ಷವೂ ನೋಡಿಕೊಳ್ಳುವ ಕೈಗಳಿಲ್ಲದ ಕಡೆ ಪ್ಲಾಸ್ಟಿಕ್ಕಿನ ಗೂಟಕ್ಕೆ ಕೊಡುವ ಹೆಚ್ಚಿನ ಹಣವು ಕೂಲಿಯ ಉಳಿತಾಯದಲ್ಲಿ ಹಿಂದಿರುಗಬಹುದು.

ಬೇಲಿಯ ವಿಷಯದಲ್ಲಂತೂ ಎರಡರ ಹೊರತಾದ ದಾರಿಗಳೂ ಇವೆ. ಕೋಲಾರದ ಕಡೆಯ ರೈತನು ಸೀಳಿದ ಕಲ್ಲುಕಂಬವನ್ನು ನೆಟ್ಟು ಮೊಮ್ಮಕ್ಕಳ ಕಾಲದವರೆಗೆ ಚಿಂತೆ ಬಿಡುವನು. ಮಲೆನಾಡಿನವನು ಗೊಬ್ಬರಗಿಡದ ಗೂಟವನ್ನೋ ಹಾಲುವಾಣವನ್ನೋ ಹಸಿಯಾಗಿಯೇ ಊರುವನು, ಅದು ಬೇರುಬಿಟ್ಟು ಚಿಗುರಿ ಸೊಪ್ಪನ್ನೂ ಕೊಡುವುದು. ಇಂಥ ಊರುಗಳಲ್ಲಿ ಲಾರಿಯಲ್ಲಿ ಹೊತ್ತು ತಂದ ಪ್ಲಾಸ್ಟಿಕ್ ಗೂಟವು ನನಗೆ ಅನಾವಶ್ಯಕವೆಂದೇ ತೋರುವುದು.

ಕೊಳ್ಳುವ ಮುನ್ನ

ಮರವನ್ನು ಕೊಳ್ಳುವವರು ಕೊನೆಯ ಅಡ್ಡಕೊಯ್ತವನ್ನು ನೋಡಿ ಬಿಳಿಯ ಭಾಗವೆಷ್ಟು, ಚೇಗೆಷ್ಟು ಎಂದು ಗುರುತಿಸಬೇಕು. ದೊಡ್ಡ ಮೊತ್ತದ ಖರೀದಿಯಾದರೆ, ಇಂಥ ಮರವೇ ಹೌದೋ ಎಂದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡನ್ನು ಕೊಟ್ಟು ಕೇಳಬಹುದು. ಸಂಸ್ಕರಿಸಿದ ಮರವಾದರೆ ಕೊಯ್ದ ಮುಖದಲ್ಲಿ ಔಷಧದ ಬಣ್ಣವು ಎಷ್ಟು ಆಳಕ್ಕಿಳಿದಿದೆಯೆಂದು ನೋಡಬೇಕು. ಮೇಲಿಂದ ಬಳಿದುದು ಎರಡು ಮಳೆಗಾಲಕ್ಕೆ ಮಿಕ್ಕಿ ಉಪಯೋಗಕ್ಕೆ ಬಾರದು.

ಪ್ಲಾಸ್ಟಿಕ್ ಹಲಗೆಯವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಯಾವ ಪ್ಲಾಸ್ಟಿಕ್ಕು ಎಂಬುದು. ಒಳಗೆ ಗಾಳಿಗುಳ್ಳೆಯಿಲ್ಲದ ಗಟ್ಟಿ ಚೂರನ್ನು ಬಕೆಟ್ಟಿನ ನೀರಿಗೆ ಹಾಕಿದರೆ ಪಾಲಿಥೀನ್ ತೇಲುವುದು, ಪಿವಿಸಿ ಮುಳುಗುವುದು. ‘ಡಬ್ಲ್ಯುಪಿಸಿ’ ಎಂಬ ಹೆಸರಿನಲ್ಲಿ ಬರುವ ಹಲಗೆಯಲ್ಲಿ ಮರದ ಹುಡಿಯೂ ಬೆರೆತಿರುತ್ತದೆ; ಅದು ಮರುಬಳಕೆಯ ಪ್ಲಾಸ್ಟಿಕ್ಕೇ ಆಗಿರಬೇಕೆಂದಿಲ್ಲ, ಹುಡಿಯ ಪ್ರಮಾಣ ಹೆಚ್ಚಾದರೆ ನೀರು ಹೀರಿ ಕೊಳೆಯುವುದೂ ಉಂಟು. ಹಲಗೆಯ ಅಡಿಯ ಜಂತಿಗಳ ನಡುವಿನ ಅಂತರವೆಷ್ಟಿರಬೇಕೆಂದು ಲಿಖಿತವಾಗಿ ಹೇಳಲಾರದ ಅಂಗಡಿಯಿಂದ ನಡೆಯುವ ಹಲಗೆಯನ್ನು ಕೊಳ್ಳದಿರುವುದೇ ಲೇಸು. ಮಳೆನಾಡಿನಲ್ಲಿ ಪಾಚಿ ಎರಡರ ಮೇಲೂ ಕಟ್ಟುವುದಾದರೂ ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಕಾಲು ಬೇಗ ಜಾರುವುದರಿಂದ, ಮೆಟ್ಟಿಲಿಗೆ ತರಿತರಿಯಾದ ಮೈಯುಳ್ಳದ್ದನ್ನೇ ಆರಿಸಬೇಕು.

ತಿರುಪುಗಳು ಎರಡಕ್ಕೂ ತುಕ್ಕುಹಿಡಿಯದ ಉಕ್ಕಿನವೇ ಆಗಲಿ; ತಾಮ್ರದ ಔಷಧ ಊಡಿಸಿದ ಮರದಲ್ಲಿ ಸಾಧಾರಣ ಮೊಳೆಯು ಬೇಗ ತಿಂದುಹೋಗುವುದು. ಪ್ಲಾಸ್ಟಿಕ್ ಹಲಗೆಯನ್ನು ಕೊಯ್ಯುವಾಗ ಕೆಳಗೊಂದು ಟಾರ್ಪಾಲು ಹಾಸಿ, ಬಿದ್ದ ಹುಡಿಯನ್ನೂ ಚೂರುಗಳನ್ನೂ ಕೂಡಿಸಿ ಗುಜರಿಗೆ ಕಳುಹಿಸಬೇಕು. ಔಷಧ ಕಾಣದ ಮರದ ಹೊಟ್ಟು ಗೊಬ್ಬರದ ಗುಂಡಿಗೆ ಹೋಗಬಹುದು, ಔಷಧ ಕಂಡದ್ದು ಅಲ್ಲಿಗೂ ಸಲ್ಲದು.